ಮಾಸೂರಿಗೆ ಬಂದ ಒಂದು ರೂಪಾಯಿ

ಮಾಸೂರಿನ ಮಾಲತೇಶಪ್ಪ ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಸೇವೆಯಲ್ಲಿದ್ದಾಗ ದಿನಕ್ಕೆ ಐನೂರು ಸಲ 'ಎಲ್ಲಿಗೆ?' ಎಂದು ಕೇಳುತ್ತಿದ್ದ, ಐನೂರು ಸಲವೂ ಜನ ಉತ್ತರ ಕೊಡುತ್ತಿದ್ದರು. ನಿವೃತ್ತನಾಗಿ ಊರಿಗೆ ಬಂದು ಕೂತ ಮರುದಿನದಿಂದ ಉತ್ತರಗಳು ನಿಂತವು, ಪ್ರಶ್ನೆಗಳು ನಿಲ್ಲಲಿಲ್ಲ. ಗೊಬ್ಬರದ ಅಂಗಡಿಯವನಿಗೆ ಯೂರಿಯಾ ಯಾಕೆ ಬೆಳ್ಳಗಿದೆ ಎಂದು ಕೇಳಿದ. ಕರೆಂಟಿನ ಮೀಟರು ನೋಡಲು ಬಂದವನಿಗೆ ಮೀಟರಿನೊಳಗೆ ಎಣಿಸುವವರು ಯಾರು ಎಂದು ಕೇಳಿದ. ಆ ಮನುಷ್ಯ ಮುಂದಿನ ತಿಂಗಳಿಂದ ಬಿಲ್ಲನ್ನು ಕಟ್ಟೆಯ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ತಿರುಗಿ ನೋಡದೆ ಹೋಗತೊಡಗಿದ.

ಇಂಥ ಮನುಷ್ಯನ ಕಣ್ಣಿಗೆ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಒಂದು ಕಾಗದ ಬಿತ್ತು.

ಕಾಗದವಿದ್ದದ್ದು ಪಂಚಾಯಿತಿಯ ಗೋಡೆಯ ಮೇಲೆ. ಬಜೆಟ್ಟಿನಲ್ಲಿ ಜಿಲ್ಲೆಗೆ ಬಂದ ಹಣದಲ್ಲಿ ಯಾವ ಊರಿನ ಯಾವ ಕೆಲಸಕ್ಕೆ ಎಷ್ಟು ಮಂಜೂರಾಗಿದೆ ಎಂಬ ಪಟ್ಟಿ ಅದು. ಅಂಟಿಸಿದವರು ಮೈದಾ ಗಂಜಿಯನ್ನು ಧಾರಾಳವಾಗಿ ಬಳಿದಿದ್ದರು. ಹುಚ್ಚವ್ವನ ಆಡು ಕಟ್ಟೆ ಹತ್ತಿ ನಿಂತು, ಗಂಜಿಯ ರುಚಿ ನೋಡುತ್ತ, ಮೇಲಿನಿಂದ ನಾಲ್ಕು ಬೆರಳಿನಷ್ಟು ಕಾಗದವನ್ನು ಮುಗಿಸಿತ್ತು. ಆ ನಾಲ್ಕು ಬೆರಳಿನಲ್ಲಿ ಎರಡು ಸಾಲುಗಳಿದ್ದವು. ಒಂದು ಪಟ್ಟಿಯ ಹೆಸರು. ಇನ್ನೊಂದು ಬಲಗಡೆ ಸಣ್ಣ ಅಕ್ಷರದಲ್ಲಿದ್ದ 'ಮೊತ್ತ ಲಕ್ಷ ರೂಪಾಯಿಗಳಲ್ಲಿ'. ಮೊದಲನೆಯದು ಹೋದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ಎರಡನೆಯದು ಆಡಿನ ಹೊಟ್ಟೆ ಸೇರಿದ್ದರಿಂದ ಮಾಸೂರಿನಲ್ಲಿ ನಾಲ್ಕೈದು ದಿನ ಯಾರಿಗೂ ನೆಮ್ಮದಿ ಇರಲಿಲ್ಲ.

ಮಾಲತೇಶಪ್ಪ ಕನ್ನಡಕ ಏರಿಸಿ ಓದಿದ. ಸವಣೂರು ತಾಲೂಕಿನ ಒಂದು ಊರಿಗೆ 6.00. ಶಿಗ್ಗಾವಿ ಕಡೆಯ ಒಂದು ಊರಿಗೆ 5.25. ಹಾನಗಲ್ಲ ತಾಲೂಕಿನ, ಅದೂ ಅವನ ಬೀಗರ ಊರಿಗೆ, 4.50. ಕೊನೆಯ ಸಾಲಿನಲ್ಲಿ 'ಮಾಸೂರು, ಪಶು ಚಿಕಿತ್ಸಾಲಯದ ಚಾವಣಿ ದುರಸ್ತಿ, 1.00'.

ಪಂಚಾಯಿತಿಯ ಪಕ್ಕದಲ್ಲೇ ದಸ್ತಗೀರಸಾಬನ ಹೊಲಿಗೆ ಅಂಗಡಿ. ಮಾಲತೇಶಪ್ಪ ಅವನನ್ನು ಮಿಷನ್ನಿನ ಮುಂದಿನಿಂದ ಎಬ್ಬಿಸಿಕೊಂಡು ಬಂದ.

"ದಸ್ತಗೀರಾ, ಇದನ್ನ ಓದು."

ದಸ್ತಗೀರಸಾಬ ಓದಿದ. "ಒಂದು ಅಂತ ಐತಲ್ಲೋ ಮಾಲತೇಶಣ್ಣ."

"ಒಂದು ಏನು?"

"ಒಂದು ಲಕ್ಷ ಇರಬೌದು."

"ಎಲ್ಲೈತಿ ಲಕ್ಷ? ಬೆರಳು ಇಟ್ಟು ತೋರಸು."

ದಸ್ತಗೀರಸಾಬ ಹುಡುಕಿದ. ಲಕ್ಷ ಎಲ್ಲೂ ಇರಲಿಲ್ಲ.

"ನೋಡು," ಎಂದ ಮಾಲತೇಶಪ್ಪ. "ಟಿಕೀಟಿನ ಮ್ಯಾಲ ಹನ್ನೆರಡು ಅಂತ ಇದ್ರ ಪ್ಯಾಸೆಂಜರ್ ಹನ್ನೆರಡು ರೂಪಾಯಿ ಕೊಡ್ತಾನೋ, ಹನ್ನೆರಡು ಲಕ್ಷ ಕೊಡ್ತಾನೋ? ಚುಕ್ಕಿ ಮುಂದ ಎರಡು ಸೊನ್ನಿ ಅದಾವು, ಅವು ಪೈಸಾ. ಒಂದು ರೂಪಾಯಿ ಸೊನ್ನಿ ಸೊನ್ನಿ ಪೈಸಾ."

ಈ ತರ್ಕವನ್ನು ದಸ್ತಗೀರಸಾಬ ಒಪ್ಪಿಕೊಂಡ. ಮೇಲಾಗಿ ಸರ್ಕಾರದ ಖಜಾನೆ ಖಾಲಿಯಾಗಿದೆ ಎಂದು ಹಿಂದಿನ ದಿನವೇ ಟಿವಿಯಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ಕೂಗಾಡಿದ್ದನ್ನು ಅವನು ಕಣ್ಣಾರೆ ನೋಡಿದ್ದ.

"ಆದ್ರ ಒಂದು ರೂಪಾಯಿದಾಗ ಚಾವಣಿ ಹೆಂಗ ಆಕ್ಕೈತಿ?" ಎಂದು ಕೇಳಿದ.

"ಅದನ್ನ ಕೇಳಬೇಕು," ಎಂದ ಮಾಲತೇಶಪ್ಪ. ಅವನ ಮುಖದಲ್ಲಿ ನಿವೃತ್ತಿಯ ನಂತರ ಯಾರೂ ಕಂಡಿರದ ಕಳೆ ಬಂದಿತ್ತು.

ಚಾವಣಿಯ ವಿಷಯ ನಗುವಂಥದ್ದಾಗಿರಲಿಲ್ಲ. ಊರಿನ ದನದ ದವಾಖಾನೆಗೆ ತಗಡು ಹೊದಿಸಿ ಇಪ್ಪತ್ತು ವರ್ಷವಾಗಿತ್ತು. ಮಳೆ ಬಂದರೆ ಡಾಕ್ಟರ್ ಸುನಿತಾ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದು ಎಮ್ಮೆಗಳಿಗೆ ಚುಚ್ಚುತ್ತಿದ್ದರು. ಔಷಧದ ಕಪಾಟಿಗೆ ಗೊಬ್ಬರದ ಚೀಲ ಹೊದಿಸಿದ್ದರು. ಹೋದ ವರ್ಷ ಒಂದು ತಗಡು ಗಾಳಿಗೆ ಕಿತ್ತು ಮದಗದ ಕೆರೆಯ ಕಾಲುವೆಯವರೆಗೂ ಹೋಗಿ ಬಿದ್ದಿತ್ತು. ಪಟ್ಟಿಯ ನಿಜಸ್ಥಿತಿ ಗೊತ್ತಿದ್ದವರು ಊರಿನಲ್ಲಿ ಆ ಡಾಕ್ಟರೊಬ್ಬರೇ. ಅವರು ಆ ವಾರ ಪೂರ್ತಿ ಕುರಿಗಳಿಗೆ ಲಸಿಕೆ ಹಾಕಲು ಚಿಕ್ಕೇರೂರಿನ ಕಡೆ ಹೋಗಿದ್ದರು. ಪಂಚಾಯಿತಿಯೊಳಗೆ ಕೇಳಿದರೆ, ತಲೆ ಎತ್ತದೆಯೇ, "ಮಾರ್ಚ್ ಮುಗೀಲಿ, ಆಮ್ಯಾಲ ಬರ್ರಿ" ಎಂದರು.

ಮನೆಗೆ ಬಂದ ಮಾಲತೇಶಪ್ಪ ಹೆಂಡತಿ ಕರೆವ್ವನಿಗೆ ಸುದ್ದಿ ಹೇಳಿದ. ಕರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಂದು ರೂಪಾಯಿ ಕೊಡೂಮಟ ಸರ್ಕಾರಕ್ಕ ಏನ್ ಬಂದಿತ್ತು? ಸುಮ್ನ ಇಲ್ಲ ಅಂದಿದ್ರ ಆಗ್ತಿತ್ತು."

"ಅದ ನನ್ನ ಪ್ರಶ್ನೆನೂ," ಎಂದು ಮಾಲತೇಶಪ್ಪ ಫೋನು ತೆಗೆದು ಹಾನಗಲ್ಲ ತಾಲೂಕಿನ ಬೀಗರಿಗೆ ಹಚ್ಚಿದ. ಬೀಗರೆಂದರೆ ಮಗಳು ಮಲ್ಲಿಕಾಳ ಮಾವ ನೀಲಪ್ಪ. ಯಾವ ಸುದ್ದಿಯೇ ಇರಲಿ, ತನಗೆ ಮೊದಲೇ ಗೊತ್ತಿರಲಿಲ್ಲ ಎಂದು ಜೀವಮಾನದಲ್ಲಿ ಒಮ್ಮೆಯೂ ಒಪ್ಪಿಕೊಂಡವರಲ್ಲ.

"ಬೀಗ್ರ, ನಿಮ್ಮೂರಿಗೆ ಸರ್ಕಾರದಿಂದ ನಾಲ್ಕು ರೂಪಾಯಿ ಐವತ್ತು ಪೈಸಾ ಮಂಜೂರಾಗೇತಿ, ಗೊತ್ತೈತೇನ್ರಿ?"

ಆ ಕಡೆ ನೀಲಪ್ಪ ಗಂಟಲು ಸರಿಪಡಿಸಿಕೊಂಡರು.

"ಗೊತ್ತೈತ್ರಿ. ನಿಮ್ಮೂರಿಗೆಷ್ಟು?"

"ಒಂದು."

"ಒಂದ?" ನೀಲಪ್ಪನವರ ದನಿಯಲ್ಲಿ ಕನಿಕರ ಉಕ್ಕಿತು. "ಹೋಗ್ಲಿ ಬಿಡ್ರಿ ಬೀಗ್ರ, ಮನಸಿಗೆ ಹಚ್ಚಿಕೋಬ್ಯಾಡ್ರಿ. ನಮ್ಮ ಕಡಿ ಮಂದಿ ಓಡ್ಯಾಡಿ ತರ್ತಾರ. ನಾಲ್ಕೂವರಿ ಅಂದ್ರ ಸುಮ್ನ ಅಲ್ರಿ. ಅದಕ್ಕ ವಜನ ಬೇಕಾಕ್ಕೈತಿ."

ಬೀಗರ ಊರಿನ ಎದುರು ಮೂರೂವರೆ ರೂಪಾಯಿಯಷ್ಟು ಕೆಳಗಾದ ಸಂಗತಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಪಂಚಾಯಿತಿ ಕಟ್ಟೆಯ ಮೇಲೆ ಹತ್ತಿಪ್ಪತ್ತು ಮಂದಿ ಸೇರಿದರು. ಗೋವಿನಜೋಳದ ವ್ಯಾಪಾರ ಮಾಡುವ ಚಂದ್ರಪ್ಪ, ಇದು ತಾಲೂಕಿಗೇ ಆದ ಅವಮಾನ ಎಂದ. ಹುಚ್ಚವ್ವ ಆಡನ್ನು ಹಗ್ಗದಲ್ಲಿ ಹಿಡಿದುಕೊಂಡೇ, "ಸವಣೂರಿನವರಿಗೆ ಆರು ಕೊಟ್ಟು ನಮಗ ಒಂದು ಕೊಡಬೇಕಂದ್ರ ನಾವೇನು ಭಿಕ್ಷಾ ಬೇಡಾಕ ಹೋಗಿದ್ವೇನು?" ಎಂದು ಗುಡುಗಿದಳು. ಆಡು ಗೋಡೆಯ ಕಡೆಗೆ ಎಳೆಯುತ್ತಿತ್ತು. ಕೊನೆಗೆ, ಸರ್ಕಾರದ ಒಂದು ರೂಪಾಯಿಯನ್ನು ಸರ್ಕಾರಕ್ಕೇ ವಾಪಸ್ ಕೊಟ್ಟು ಪಾವತಿ ಚೀಟಿ ಬರೆಸಿಕೊಂಡು ಬರಬೇಕು, ಆ ಪಾವತಿಯನ್ನು ಇದೇ ಗೋಡೆಗೆ ಹಚ್ಚಬೇಕು ಎಂದು ಠರಾವಾಯಿತು. ಆ ರೂಪಾಯಿ ಇನ್ನೂ ಊರಿಗೆ ಬಂದೇ ಇಲ್ಲವಲ್ಲ ಎಂದು ದಸ್ತಗೀರಸಾಬ ನೆನಪಿಸಿದಾಗ ಮಾಲತೇಶಪ್ಪ ಜೇಬಿನಿಂದ ತನ್ನದೇ ಒಂದು ನಾಣ್ಯ ತೆಗೆದ. "ಸದ್ಯಕ್ಕ ಇದು ಇರ್ಲಿ. ಊರಿನ ಮಾನದ ಪ್ರಶ್ನೆ."

ಮರುದಿನ ಮುಂಜಾನೆಯ ಬಸ್ಸಿಗೆ ಮಾಲತೇಶಪ್ಪ, ದಸ್ತಗೀರಸಾಬ ಇಬ್ಬರೂ ಹಿರೇಕೆರೂರಿಗೆ ಹೋದರು. ಬಸ್ಸಿನ ಖರ್ಚು ರೂಪಾಯಿಯ ಹತ್ತಾರು ಪಟ್ಟಾಯಿತು. ಅದನ್ನು ದಸ್ತಗೀರಸಾಬ ಬಾಯಿಬಿಟ್ಟು ಹೇಳಲಿಲ್ಲ, ಗೆಳೆತನ ಮುಖ್ಯ.

ಖಜಾನೆಯ ಕಿಟಕಿಯೊಳಗೆ ಶರಣು ಎಂಬ ಗುಮಾಸ್ತ ಬಿಲ್ಲುಗಳ ರಾಶಿಯ ನಡುವೆ ಕೂತಿದ್ದ. ಹೊರಗೆ ಮಾರ್ಚ್ ಕೊನೆಯ ಸಾಲು. ಮಾಲತೇಶಪ್ಪನ ಸರದಿ ಬಂತು.

"ಏನ್ರಿ?"

"ಒಂದು ರೂಪಾಯಿ ಸರ್ಕಾರಕ್ಕ ವಾಪಸ್ ಕೊಡಬೇಕಾಗೇತ್ರಿ."

"ಹೆಡ್ ಯಾವುದು?"

"ಹೆಡ್ ನಾನ ರೀ. ಇಂವ ನನ್ನ ಜೋಡಿ ಬಂದಾನ."

"ನಿಮ್ಮನ್ನ ಕೇಳಿಲ್ರಿ. ಲೆಕ್ಕದ ಹೆಡ್ಡು. ಯಾವ ಇಲಾಖೆ, ಯಾವ ಬಾಬತ್ತು ಅಂತ ಒಂದು ನಂಬರ್ ಇರತೈತಿ. ಆ ನಂಬರ್ ಇಲ್ಲದ ಒಂದು ಪೈಸಾನೂ ಒಳಗ ಬರಂಗಿಲ್ಲ, ಹೊರಗ ಹೋಗಂಗಿಲ್ಲ."

ಮಾಲತೇಶಪ್ಪನಿಗೆ ಇದು ಬಹಳ ಇಷ್ಟವಾಯಿತು. ಪ್ರತಿಯೊಂದು ಪೈಸೆಗೂ ತಾನು ಹೋಗುವ ಊರಿನ ಬೋರ್ಡು ಇದೆ ಎಂದಾಯಿತು! ಸಾಲಿನಲ್ಲಿದ್ದವರು ಹಿಂದಿನಿಂದ ಗೊಣಗುತ್ತಿದ್ದರೂ ಅವನು ಕಿಟಕಿಗೆ ಇನ್ನಷ್ಟು ಒರಗಿದ.

"ಹಂಗಾರ ಬಳಸದ ರೊಕ್ಕ ಏನಾಕ್ಕೈತ್ರಿ?"

ಶರಣು ಮೊದಲ ಬಾರಿಗೆ ತಲೆ ಎತ್ತಿ ನೋಡಿದ. "ಹತ್ತು ವರ್ಷ ಆತ್ರಿ ಈ ಕುರ್ಚಿ ಮ್ಯಾಲ ಕುಂತು. ಮಾರ್ಚದಾಗ ಬಂದವರೆಲ್ಲಾ ಒಯ್ಯಾಕ ಬಂದಾರ. ವಾಪಸ್ ಕೊಡ್ತೇನಿ ಅಂತ ಬಂದವರು ನೀವ ಮೊದಲು. ಮೂವತ್ತೊಂದನೇ ತಾರೀಖಿನೊಳಗ ಬಿಲ್ ಬರಲಿಲ್ಲ ಅಂದ್ರ ಅದು ತಾನ ವಾಪಸ್ ಹೊಕ್ಕೈತಿ. ನಿಮಗ ಅವಸರ ಇದ್ರ, ರೊಕ್ಕ ಯಾವ ಆಫೀಸಿಗೆ ಬಂದೈತೋ ಆ ಆಫೀಸಿನವರಿಂದ ಒಂದು ಪತ್ರ ತರ್ರಿ."

ಹೀಗೆ ಅವರು ಕಟ್ಟಡ ಕೆಲಸಗಳ ಒಂದು ಕಚೇರಿಗೆ ಹೋದರು. ಆ ಕಚೇರಿ ಯಾವುದು, ಯಾವ ಊರಿನಲ್ಲಿತ್ತು ಎಂದು ಇಲ್ಲಿ ಹೇಳುವುದು ಬೇಡ. ಅಲ್ಲಿನವರೂ ಹೆಂಡಿರು ಮಕ್ಕಳು ಇರುವವರು. ಅಲ್ಲಿನ ಇಂಜಿನಿಯರು ಶಿದ್ಲಿಂಗಪ್ಪ, ಕೆಟ್ಟ ಮನುಷ್ಯನಲ್ಲ. ಆದರೆ ಅವರ ಮೇಜಿನ ಮೇಲೆ ಒಂದು ಫೈಲು ಬಂದರೆ ಅದು ಅವರ ಬಲ ಮೊಣಕೈಗೆ ದಿಂಬಾಗುತ್ತಿತ್ತು. ದಿಂಬು ಹಿತವಾದಷ್ಟೂ ಫೈಲು ಮುಂದೆ ಹೋಗುವುದು ಕಷ್ಟವಾಗುತ್ತಿತ್ತು. ಮಾಸೂರಿನ ದವಾಖಾನೆಯ ಫೈಲು ಹದಿನೈದು ದಿನಗಳಿಂದ ಆ ಮೊಣಕೈಯ ಕೆಳಗಿತ್ತು.

ಇನ್ನೊಂದು ಮಾತನ್ನು ಓದುಗರು ತಿಳಿದಿರಬೇಕು. ಇಂಥ ಕಚೇರಿಗಳಲ್ಲಿ ಯಾರೂ 'ಲಕ್ಷ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಒಂದು, ಎರಡೂವರೆ, ನಾಲ್ಕೂವರೆ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಮಾಲತೇಶಪ್ಪನಿಗೂ ಅರ್ಥವಾಯಿತು, ಅವನದೇ ರೀತಿಯಲ್ಲಿ.

"ಮಾಸೂರಿನ ದನದ ದವಾಖಾನಿ ಚಾವಣಿಗೆ ಒಂದು ಮಂಜೂರಾಗೇತಂತಲ್ರಿ," ಎಂದು ಅವನು ಶುರು ಮಾಡಿದ. "ಅದನ್ನ ಕೇಳಾಕ ಬಂದೇನಿ."

ಶಿದ್ಲಿಂಗಪ್ಪನವರ ಮೊಣಕೈ ಅಲುಗಿತು. "ಹೌದ್ರಿ, ಒಂದು ಐತಿ."

"ಒಂದರಾಗ ಚಾವಣಿ ಆಕ್ಕೈತೇನ್ರಿ?"

"ಬಿಗಿ ಆಕ್ಕೈತಿ. ಆದ್ರ ಜ್ವಾಕಿಲೆ ಮಾಡಿದ್ರ ಆಕ್ಕೈತ್ರಿ. ಅರ್ಧ ತಗಡಿಗೆ, ಕಾಲು ಕೂಲಿಗೆ, ಉಳಿದದ್ದು ತೆರಿಗಿ ಗಿರಿಗಿ."

ದಸ್ತಗೀರಸಾಬ ಮಾಲತೇಶಪ್ಪನ ಕಿವಿಯಲ್ಲಿ ಹೇಳಿದ: "ಕಾಲು ಅಂದ್ರ ನಾಲ್ಕಾಣೆ. ನಾಲ್ಕಾಣೆಗೆ ಯಾವ ಆಳು ಬರ್ತಾನ?"

ಮಾಲತೇಶಪ್ಪ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ. ಅವನಿಗೆ ನಿಜವಾಗಿಯೂ ಕುತೂಹಲ ಕೆರಳಿತ್ತು. "ಮತ್ತ ಇಷ್ಟ ದಿನ ಆ ಒಂದು ಎಲ್ಲಿತ್ರಿ ಸಾಹೇಬ್ರ?"

ಅವನು ಕೇಳಿದ್ದು, ಒಂದು ನಾಣ್ಯವನ್ನು ಸರ್ಕಾರ ಎಲ್ಲಿಟ್ಟಿರುತ್ತದೆ, ಡಬ್ಬಿಯಲ್ಲೋ ಕಪಾಟಿನಲ್ಲೋ ಎಂಬ ಅರ್ಥದಲ್ಲಿ. ಶಿದ್ಲಿಂಗಪ್ಪನವರಿಗೆ ಅದು ಬೇರೆ ರೀತಿ ಕೇಳಿಸಿತು.

"ತಾವು... ಯಾವ ಕಡಿಯಿಂದ ಬಂದೀರಿ?"

"ನಾನೂ ಸರ್ಕಾರಿ ಮನುಷ್ಯಾನ ರೀ. ಮೂವತ್ನಾಲ್ಕು ವರ್ಷ. ಚೆಕ್ಕಿಂಗ್ ಅಂದ್ರ ಏನು ಅಂತ ನನಗ ಚಲೋತ್ನಾಗಿ ಗೊತ್ತೈತಿ. ಒಂದು ರೂಪಾಯಿ ಹೆಚ್ಚು ಕಡಿಮಿ ಆದ್ರೂ ಸಸ್ಪೆಂಡ್ ಮಾಡ್ತಿದ್ರು."

ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಸದ್ದು ನಿಂತಿತು. ಚಹಾ ತಂದವನು ಬಾಗಿಲಲ್ಲೇ ನಿಂತ. ಮಾಲತೇಶಪ್ಪ ಜೇಬಿನಿಂದ ನಾಣ್ಯ ತೆಗೆದು, ಅದಕ್ಕಂಟಿದ್ದ ಅಡಿಕೆ ಪುಡಿಯನ್ನು ಊದಿ, ಮೇಜಿನ ಮೇಲಿಟ್ಟ.

"ಇದನ್ನ ತಗೋರಿ."

ಪುಡಿ ಹಚ್ಚಿದ ಲಂಚದ ನೋಟು ಮುಟ್ಟಿ ಕೈ ಕೆಂಪಗಾಗಿ ಸಿಕ್ಕಿಬಿದ್ದವರ ಸುದ್ದಿಯನ್ನು ಆ ಕಚೇರಿಯಲ್ಲಿ ಓದದವರಿರಲಿಲ್ಲ. ಶಿದ್ಲಿಂಗಪ್ಪ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಗೋಡೆಗೆ ಒತ್ತಿ ನಿಂತರು.

"ಮುಟ್ಟಂಗಿಲ್ಲ! ನಾನು ಮುಟ್ಟಂಗಿಲ್ಲ! ಎಲ್ಲಾರೂ ನೋಡ್ರಿ, ನಾನು ಮುಟ್ಟಿಲ್ಲ!"

ಗುಮಾಸ್ತರೂ ತಂತಮ್ಮ ಕೈಗಳನ್ನು ಮೇಲೆತ್ತಿದರು. ಚಹಾದವನು ತಟ್ಟೆಯ ಸಮೇತ ಎತ್ತಿದ.

"ಯಾಕ್ರಿ?" ಎಂದ ಮಾಲತೇಶಪ್ಪ, ದಿಕ್ಕು ತೋಚದೆ. "ನಮ್ಮೂರಿಗೆ ಬ್ಯಾಡಂತ ಠರಾವಾಗೇತಿ. ತಗೊಂಡು ಒಂದು ಪಾವತಿ ಕೊಟ್ರ ನಾವು ಹೊಕ್ಕೇವಿ."

"ಪಾವತಿ! ಪಾವತಿ ಬ್ಯಾರೆ!" ಶಿದ್ಲಿಂಗಪ್ಪ ಗೋಡೆಗೆ ಇನ್ನಷ್ಟು ಒತ್ತಿಕೊಂಡರು. "ತಗೀರಿ ಸಾಹೇಬ್ರ, ಅದನ್ನ ಮೊದಲು ಜೇಬಿನ್ಯಾಗ ಹಾಕ್ಕೋರಿ! ನಾಳೆ ಮುಂಜಾನೆ ಕೆಲಸ ಶುರು! ನಾನ ಬಂದು ನಿಂದರ್ತೇನಿ! ಮೂವತ್ತರೊಳಗ ಚಾವಣಿ ಆಗಲಿಲ್ಲ ಅಂದ್ರ ನನ್ನ ಹೆಸರು ಬದಲಿ ಮಾಡ್ರಿ!"

ಹೊರಗೆ ಬಂದ ಮೇಲೆ ಮಾಲತೇಶಪ್ಪ ನಾಣ್ಯವನ್ನು ಬಹಳ ಹೊತ್ತು ತಿರುಗಿಸಿ ನೋಡಿದ. "ದಸ್ತಗೀರಾ, ಒಂದು ರೂಪಾಯಿದಾಗ ಮಾಡ್ತಾನಂತ ಮಾರಾಯಾ. ಭಾಳ ದೊಡ್ಡ ಇಂಜಿನಿಯರ್ ಇರಬೇಕು."

ಮರುದಿನ ಎಂಟು ಗಂಟೆಗೆ ಒಂದು ಲಾರಿ ತಗಡು ಬಂದು ದವಾಖಾನೆಯ ಮುಂದೆ ನಿಂತಿತು. ಹಿಂದೆ ಆರು ಜನ ಕೆಲಸಗಾರರು, ಅವರ ಹಿಂದೆ ಜೀಪಿನಲ್ಲಿ ಶಿದ್ಲಿಂಗಪ್ಪ. ಊರು ಸೇರಿತು. ಹೊಸ ತಗಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮಾಲತೇಶಪ್ಪ ತಗಡುಗಳನ್ನು ಎಣಿಸಿದ, ಮೇಸ್ತ್ರಿಗೆ ಒಂದು ತಗಡಿನ ಬೆಲೆ ಕೇಳಿದ, ಬೆರಳು ಮಡಚಿ ಲೆಕ್ಕ ಹಾಕಿದ. ಲೆಕ್ಕ ಎಲ್ಲಿಂದ ಶುರು ಮಾಡಿದರೂ ಒಂದು ರೂಪಾಯಿಗೆ ಬಂದು ನಿಲ್ಲುತ್ತಿರಲಿಲ್ಲ. ಊರಿನವರಿಗೆ ಲೆಕ್ಕ ಬೇಕಿರಲಿಲ್ಲ. ಕಂಡಕ್ಟರು ಒಂದು ರೂಪಾಯಿ ಎಸೆದು ಚಾವಣಿ ತಂದ ಎಂದು ಚಂದ್ರಪ್ಪ ಹಿರೇಕೆರೂರಿನ ಸಂತೆಯಲ್ಲಿ ಹೇಳಿದ. ಸಂತೆಯಿಂದ ಅದು ಸವಣೂರಿಗೂ ಶಿಗ್ಗಾವಿಗೂ ಹೋಯಿತು. ರಾತ್ರಿ ನೀಲಪ್ಪನವರ ಫೋನು ಬಂತು.

"ಬೀಗ್ರ, ಒಂದರಾಗ ಮಾಡಿಸಿದ್ರಂತ?" ಈ ಸಲ ಅವರ ದನಿಯಲ್ಲಿ ಕನಿಕರ ಇರಲಿಲ್ಲ. "ಹೆಂಗ್ರಿ ಅದು?"

"ಕೇಳಿದೆ, ಮಾಡಿದ್ರು," ಎಂದ ಮಾಲತೇಶಪ್ಪ. ಅವನಿಗೆ ಗೊತ್ತಿದ್ದದ್ದೂ ಅಷ್ಟೇ.

ಇಪ್ಪತ್ತೊಂಬತ್ತರಂದು ಡಾಕ್ಟರ್ ಸುನಿತಾ ಚಿಕ್ಕೇರೂರಿನಿಂದ ವಾಪಸ್ ಬಂದರು. ಅರ್ಧ ಮುಗಿದ ಚಾವಣಿ ಕಂಡು ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತರು. ನಡೆದದ್ದನ್ನು ಮಾಲತೇಶಪ್ಪನ ಬಾಯಿಂದಲೇ ಕೇಳಿದರು. ಆಮೇಲೆ ಒಳಗೆ ಹೋಗಿ, ಚೀಲ ಹೊದಿಸಿದ ಕಪಾಟಿನಿಂದ ಪಟ್ಟಿಯ ಇನ್ನೊಂದು ಪ್ರತಿ ತಂದರು. ಅದನ್ನು ಯಾವ ಆಡೂ ಮುಟ್ಟಿರಲಿಲ್ಲ.

"ಇಲ್ಲಿ ಮ್ಯಾಲ ಓದ್ರಿ, ಅಣ್ಣಾರ."

ಮಾಲತೇಶಪ್ಪ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಡಾಕ್ಟರು ನಗು ತಡೆದುಕೊಳ್ಳುತ್ತಿದ್ದಂತೆ, ಪಟ್ಟಿಯನ್ನು ಮಡಚಿಕೊಂಡು ನೇರ ಮನೆಗೆ ನಡೆದ.

ಕರೆವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ಹಂಗಾರ ಅದು ಒಂದು ಲಕ್ಷ."

"ಹೌದು."

"ನೀವು ಖಜಾನಿ ಕಿಟಕಿಗೆ ಹೋಗಿ ಅದನ್ನ ವಾಪಸ್ ಕೊಡ್ತೇನಿ ಅಂದಿದ್ರಿ."

"ಅಂದಿದ್ದೆ."

"ಆ ಪುಣ್ಯಾತ್ಮನ ಹಂತ್ಯಾಕ ಅದಕ್ಕೊಂದು ಫಾರ್ಮ್ ಇದ್ದಿದ್ರ?"

ಫಾರ್ಮ್ ಇದ್ದಿದ್ದರೆ ಮಾಲತೇಶಪ್ಪ ಅದನ್ನು ತುಂಬಿ, ಎರಡೂ ಪ್ರತಿಗೆ ಸಹಿ ಹಾಕಿ, ಪಾವತಿಯನ್ನು ಊರಿನ ಗೋಡೆಗೆ ಹಚ್ಚಿರುತ್ತಿದ್ದ. ಆ ದಿನ ಅವನಿಗೆ ಎರಡನೇ ರೊಟ್ಟಿ ಸೇರಲಿಲ್ಲ.

ಮೂವತ್ತರಂದು ಚಾವಣಿ ಮುಗಿಯಿತು. ಬಿಲ್ಲಿನ ಜೊತೆ ಲಗತ್ತಿಸಲು ಫೋಟೋ ಬೇಕಿತ್ತು. ತೆಗೆಸಿಕೊಂಡ ಮೇಲೆ ಶಿದ್ಲಿಂಗಪ್ಪ ಮತ್ತು ಮಾಲತೇಶಪ್ಪ ಹೊಸ ಚಾವಣಿಯ ಕೆಳಗೆ ಚಹಾ ಕುಡಿಯುತ್ತ ಕೂತರು. ಇಂಜಿನಿಯರು ದನಿ ತಗ್ಗಿಸಿದರು.

"ಈಗರ ಹೇಳ್ರಿ ಸಾಹೇಬ್ರ. ನಿಮ್ಮನ್ನ ಕಳಿಸಿದವರು ಯಾರು?"

ಸುಳ್ಳು ಹೇಳಿದ್ದರೆ ಮಾಲತೇಶಪ್ಪ ಊರಲ್ಲಿ ದೊಡ್ಡವನಾಗಿಯೇ ಉಳಿಯುತ್ತಿದ್ದ. ಆದರೆ ಮೂವತ್ನಾಲ್ಕು ವರ್ಷ ಲೆಕ್ಕ ಒಪ್ಪಿಸಿದವನಿಗೆ ಅದು ಆಗಲಿಲ್ಲ. ಆಡಿನಿಂದ ಹಿಡಿದು ಅಡಿಕೆ ಪುಡಿಯವರೆಗೂ ಎಲ್ಲವನ್ನೂ ಹೇಳಿದ. ಶಿದ್ಲಿಂಗಪ್ಪ ಕಪ್ಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದರು. ಮೊದಲು ಅವರ ಮುಖ ಕಪ್ಪಿಟ್ಟಿತು, ಆಮೇಲೆ ಹೊಟ್ಟೆ ಅಲುಗಿತು, ಕೊನೆಗೆ ಚಹಾ ಅಂಗಿಯ ಮೇಲೆ ಚೆಲ್ಲುವಷ್ಟು ನಕ್ಕರು.

"ಈ ಮಾತು ಇಲ್ಲೇ ಇರ್ಲಿ," ಎಂದರು ಕಣ್ಣೊರೆಸಿಕೊಳ್ಳುತ್ತ. "ನೀವು ಬಂದು ಹೋದ ಮ್ಯಾಲ ನಮ್ಮ ಆಫೀಸಿನ್ಯಾಗ ಹನ್ನೊಂದು ಫೈಲ್ ಕದಲ್ಯಾವು."

"ಒಂದು ಕೇಳಲೇನ್ರಿ?" ಎಂದ ಮಾಲತೇಶಪ್ಪ. "ಮೂರು ದಿನದಾಗ ಆಗೋ ಕೆಲಸಕ್ಕ ವರ್ಷ ಯಾಕ ಬೇಕಾತು?"

ಇಂಜಿನಿಯರು ನಗು ನಿಲ್ಲಿಸಿ ಯೋಚಿಸಿದರು. ಯಾರೂ ಅವರನ್ನು ಹೀಗೆ, ಬೈಯದೆ, ತಿಳಿದುಕೊಳ್ಳಲೆಂದೇ ಕೇಳಿರಲಿಲ್ಲ. ಬಜೆಟ್ಟು ಆಗುವುದು ಯಾವಾಗ, ಪಟ್ಟಿ ಒಪ್ಪಿಗೆಯಾಗುವುದು ಯಾವಾಗ, ಹಣ ಕಂತು ಕಂತಾಗಿ ಎಲ್ಲೆಲ್ಲಿ ನಿಂತು ಬರುತ್ತದೆ ಎಂದು ಅವರು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದರು. ಮಾಲತೇಶಪ್ಪ ಪ್ರತಿ ನಿಲ್ದಾಣದಲ್ಲೂ ಎಷ್ಟು ಹೊತ್ತು ನಿಲ್ಲುತ್ತದೆ, ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ವಿಚಾರಿಸಿದ.

"ಮತ್ತ ಈ ಕಡೀದು?"

"ಫೆಬ್ರವರಿ ಕೊನೀಗೆ ನಮ್ಮ ಆಫೀಸಿಗೆ ಬಂತು. ಟೆಂಡರ್ ಪಂಡರ್ ಅಂತ ಹದಿನೈದು ದಿನ. ಅದರ ಮುಂದಿಂದು," ಶಿದ್ಲಿಂಗಪ್ಪ ಬಲ ಮೊಣಕೈಯನ್ನು ನೋಡಿಕೊಂಡರು, "ಅದರ ಮುಂದಿಂದು ನನ್ನ ತಪ್ಪು."

"ಹಂಗಾರ ಈ ಸಲ ನಾನು ಮೊದಲ ಬರ್ತೇನ್ರಿ. ಏಪ್ರಿಲ್ ಒಂದಕ್ಕ?"

"ಒಂದಕ್ಕ ಯಾರೂ ಇರಂಗಿಲ್ರಿ. ಮಾರ್ಚ್ ಮುಗಿಸಿದ ದಣಿವು."

"ಎರಡಕ್ಕ?"

"ಐದಕ್ಕ ಬರ್ರಿ," ಎಂದರು ಶಿದ್ಲಿಂಗಪ್ಪ, ಸೋತವರಂತೆ.

ಏಪ್ರಿಲ್ ಐದರಂದು ಹತ್ತು ಗಂಟೆಗೆ ಮಾಲತೇಶಪ್ಪ ಒಬ್ಬನೇ ಕಚೇರಿಗೆ ಹೋದ. ಗುಮಾಸ್ತರು ಎದ್ದು ನಿಂತರು. ಅವನು ಕೂತು, ಅಂಗಿಯ ಜೇಬಿನಿಂದ ಒಂದು ಸಣ್ಣ ವಹಿ ಮತ್ತು ಪೆನ್ನು ತೆಗೆದ.

"ಈ ವರ್ಷ ಮಾಸೂರಿಗೆ ಎಷ್ಟು ಕೇಳೀರಿ ಸಾಹೇಬ್ರ?"

"ದವಾಖಾನಿಗೆ ಕಂಪೌಂಡು, ದನಕ್ಕ ನೀರಿನ ತೊಟ್ಟಿ. ಎರಡೂವರಿ."

ಮಾಲತೇಶಪ್ಪ ಬರೆಯಲಿಲ್ಲ. ಪೆನ್ನು ಹಿಡಿದು ಕಾಯುತ್ತ ಕೂತ.

"ಯಾಕ್ರಿ?"

"ಪೂರ್ತಿ ಹೇಳ್ರಿ."

ಶಿದ್ಲಿಂಗಪ್ಪ ಆಚೀಚೆ ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಅದನ್ನು ಒಮ್ಮೆಯೂ ಪೂರ್ತಿ ಹೇಳಿರಲಿಲ್ಲ. ಗಂಟಲು ಸರಿಪಡಿಸಿಕೊಂಡು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ ನೆಟ್ಟಗೆ ಕೂತರು.

"ಎರಡು ಲಕ್ಷದ ಐವತ್ತು ಸಾವಿರ ರೂಪಾಯಿ."

ಕಚೇರಿಯಲ್ಲಿ ಎಲ್ಲರೂ ತಲೆ ಎತ್ತಿ ನೋಡಿದರು. ಮೂಲೆಯಲ್ಲಿ ಕೂತಿದ್ದ ಮುದುಕ ಗುಮಾಸ್ತನೊಬ್ಬ ಪಕ್ಕದವನಿಗೆ, "ಅಬಬಬ, ಅಷ್ಟ್ಯಾಕ ಕೇಳ್ಯಾರ?" ಎಂದ.